ಬರೀ ಪಿಯುಸಿ, ಬಿ.ಕಾಂ. ಇಟ್ಟುಕೊಂಡು ಓದಲು ಹೊರಡುವವರಿಗೆ: ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಜರ್ಮನಿ, ಯಾವುದು ವಾಸಿ?

ಪಿಯುಸಿ ಮುಗಿದಿದೆ, ಇಲ್ಲವೇ ಬಿ.ಎ., ಬಿ.ಕಾಂ. ಆಗಿದೆ. ಎಂಜಿನಿಯರಿಂಗ್, ನರ್ಸಿಂಗ್, ಐಟಿಐ, ಯಾವುದೂ ಇಲ್ಲ. ಆದರೂ ಹೊರದೇಶಕ್ಕೆ ಹೋಗಬೇಕು. ಇಂಥವರಿಗೆ ನೇರವಾಗಿ ಕೆಲಸದ ವೀಸಾ ಕೊಡುವ ಶ್ರೀಮಂತ ದೇಶಗಳು ತುಂಬಾ ಕಡಿಮೆ. ಹಾಗಾಗಿ ಸ್ಟೂಡೆಂಟ್ ವೀಸಾ ಹಿಡಿದು ಹೋಗಿ, ಆಮೇಲೆ ನೋಡಿಕೊಂಡರಾಯಿತು ಅಂತ ಕನ್ಸಲ್ಟೆನ್ಸಿಯವರು ಹೇಳುತ್ತಾರೆ.

ತೊಂದರೆ ಇರುವುದು ಆ "ಆಮೇಲೆ" ಅನ್ನುವಲ್ಲಿ. ಅವರು ಹೋಲಿಸಿ ತೋರಿಸುವುದು ಫೀಸು, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಸ್ಕೋರು, ವೀಸಾ ಎಷ್ಟು ವಾರಕ್ಕೆ ಬರುತ್ತದೆ ಅನ್ನುವುದನ್ನು. ಅವೆಲ್ಲ ಮೊದಲ ವೀಸಾದ ಮಾತು. ಮನೆ ಮೇಲೆ ಸಾಲ ತೆಗೆದು ಹೋಗುವವರು ನೋಡಬೇಕಾದ್ದು ಎರಡನೇ ವೀಸಾ. ಓದು ಮುಗಿದ ದಿನ ಕೈಯಲ್ಲಿರುವ ಸರ್ಟಿಫಿಕೇಟಿಗೆ ಆ ದೇಶ ಕೆಲಸದ ಪರವಾನಗಿ ಕೊಡುತ್ತದಾ? ಕೊಟ್ಟರೆ ಯಾವ ಕೆಲಸಕ್ಕೆ, ಕನಿಷ್ಠ ಎಷ್ಟು ಸಂಬಳಕ್ಕೆ? ಈ ಲೇಖನದಲ್ಲಿ ನಾಲ್ಕು ದೇಶಗಳನ್ನು ಈ ಒಂದೇ ಅಳತೆಯಲ್ಲಿ ನೋಡಿದ್ದೇನೆ. ಅಂಕಿಗಳು 2025ರ ಕೊನೆಯ ಹೊತ್ತಿನವು. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ವೆಬ್‌ಸೈಟಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ, ಈ ನಿಯಮಗಳು ಆಗಾಗ ಬದಲಾಗುತ್ತವೆ.

ಕೆನಡಾ: ಮೊದಲು ಹೋದವರ ಮಾತು ಈಗ ನಡೆಯುವುದಿಲ್ಲ

ಐದಾರು ವರ್ಷದ ಹಿಂದೆ ಕೆನಡಾಕ್ಕೆ ಹೋದವರು ಹೇಳುವ ಲೆಕ್ಕ ಹೀಗಿರುತ್ತದೆ: ಯಾವುದೋ ಕಾಲೇಜಿನಲ್ಲಿ ಎರಡು ವರ್ಷದ ಡಿಪ್ಲೊಮಾ, ಆಮೇಲೆ ಮೂರು ವರ್ಷದ ವರ್ಕ್ ಪರ್ಮಿಟ್, ಅದರೊಳಗೆ ಪಿ.ಆರ್., ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೇ ಆಯಿತು. ನಿಮಗೆ ಆಗುವುದಿಲ್ಲ, ಅಷ್ಟೇ.

2024ರ ಜನವರಿಯಲ್ಲಿ ಕೆನಡಾ ಸರ್ಕಾರ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಈಗ ಕಾಲೇಜಿನ ಆಫರ್ ಲೆಟರ್ ಜೊತೆಗೆ ಆ ಪ್ರಾಂತ್ಯದಿಂದ ಒಂದು ದೃಢೀಕರಣ ಪತ್ರವೂ ಬೇಕು. ಭಾರತದವರಿಗೆ ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ದಾರಿಯನ್ನು 2024ರ ನವೆಂಬರ್ 8ಕ್ಕೆ ಮುಚ್ಚಿದರು. ಫೀಸು ಬಿಟ್ಟು ಖರ್ಚಿಗೆಂದು ತೋರಿಸಬೇಕಾದ ಹಣ 10 ಸಾವಿರ ಕೆನಡಾ ಡಾಲರ್ ಇದ್ದದ್ದು 2024ರಲ್ಲಿ 20,635 ಆಯಿತು, 2025ರ ಸೆಪ್ಟೆಂಬರ್‌ನಿಂದ 22,895. ನಮ್ಮ ದುಡ್ಡಲ್ಲಿ 14 ಲಕ್ಷದ ಸುತ್ತಮುತ್ತ.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕುವ ಕಾಲೇಜು ಡಿಪ್ಲೊಮಾದವರಿಗೆ, ಓದುವ ವಿಷಯ ಸರ್ಕಾರದ ಪಟ್ಟಿಯಲ್ಲಿದ್ದರೆ ಮಾತ್ರ ಓದಿನ ನಂತರದ ವರ್ಕ್ ಪರ್ಮಿಟ್. ಆರೋಗ್ಯ, ಕೃಷಿ, ವಿಜ್ಞಾನ-ತಂತ್ರಜ್ಞಾನ, ಸಾರಿಗೆ, ಪ್ಲಂಬಿಂಗ್-ವೆಲ್ಡಿಂಗ್‌ನಂಥ ಕಸುಬು, ಶಿಕ್ಷಣ, ಇಂಥವು ಪಟ್ಟಿಯಲ್ಲಿವೆ. ನಮ್ಮ ಬಿ.ಕಾಂ. ಹುಡುಗರಿಗೆ ಏಜೆಂಟರು ಮೊದಲು ತೋರಿಸುವ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಇಲ್ಲ. ಯೂನಿವರ್ಸಿಟಿಯ ಬ್ಯಾಚುಲರ್, ಮಾಸ್ಟರ್ ಡಿಗ್ರಿಗಳಿಗೆ ಈ ವಿಷಯದ ನಿಯಮ ಇಲ್ಲ. ಆದರೆ ಅಲ್ಲಿ ಫೀಸು ಜಾಸ್ತಿ.

ಪಾರ್ಟ್ ಟೈಮ್ ಕೆಲಸ ಮಾಡಿ ಫೀಸು ಕಟ್ಟುತ್ತೇನೆ ಅನ್ನುವವರು ಈ ಲೆಕ್ಕ ನೋಡಿ. ತರಗತಿ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದು. ಒಂಟಾರಿಯೊದಲ್ಲಿ ಕನಿಷ್ಠ ಕೂಲಿ ಗಂಟೆಗೆ 17.60 ಡಾಲರ್. ಒಂದು ವಾರವೂ ತಪ್ಪದೆ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, ತಿಂಗಳಿಗೆ ಸುಮಾರು 1,800 ಡಾಲರ್. ಟೊರಾಂಟೊ ಸುತ್ತಮುತ್ತ ಹಂಚಿಕೊಂಡ ರೂಮು, ಬಸ್ಸು, ಊಟ, ಫೋನು ಅಂದರೆ ಅದರಲ್ಲಿ ಉಳಿಯುವುದು ಚೂರುಪಾರು. ಹೊಟ್ಟೆ-ಬಟ್ಟೆಗೆ ಸಾಕು. ಫೀಸು ಅಪ್ಪನ ಜೇಬಿನಿಂದಲೇ ಹೋಗಬೇಕು.

ಪಟ್ಟಿಯಲ್ಲಿರುವ ವಿಷಯವನ್ನೇ ಓದಲು ನಿಜವಾಗಿ ಇಷ್ಟ ಇದ್ದರೆ ಕೆನಡಾ ಯೋಚಿಸಿ. ಸುಮ್ನೆ "ಹೇಗಾದರೂ ಕೆನಡಾ" ಅನ್ನುವವರಿಗೆ ಈಗ ಆ ಬಾಗಿಲು ಇಲ್ಲ.

ಬ್ರಿಟನ್: ಒಂದೇ ವರ್ಷ, ಆದರೆ

ಬ್ರಿಟನ್ ಡಿಗ್ರಿ ಆದವರ ಆಯ್ಕೆ. ಪಿಯುಸಿ ಮಾತ್ರ ಆದವರಿಗೆ ಅಲ್ಲಿ ಡಿಗ್ರಿಗೆ ಮುಂಚಿನ ಫೌಂಡೇಶನ್ ವರ್ಷವೂ ಸೇರಿ ನಾಲ್ಕು ವರ್ಷದ ಫೀಸು ಬೀಳುತ್ತದೆ, ಮಧ್ಯಮ ವರ್ಗದ ಮನೆಯವರು ಆ ಸುದ್ದಿಗೆ ಹೋಗದಿರುವುದೇ ಒಳ್ಳೆಯದು.

ಬಿ.ಎ., ಬಿ.ಕಾಂ. ಆದವರಿಗೆ ಒಂದು ವರ್ಷದ ಮಾಸ್ಟರ್ ಡಿಗ್ರಿ ಇದೆ. ಗಣಿತ ಬೇಡ, ಎಂಟ್ರೆನ್ಸ್ ಇಲ್ಲ, ಬೇಗ ಮುಗಿಯುತ್ತದೆ. ಖರ್ಚಿಗೆ ಲಂಡನ್‌ನಲ್ಲಾದರೆ ತಿಂಗಳಿಗೆ 1,529 ಪೌಂಡ್, ಹೊರಗಾದರೆ 1,171ರಂತೆ ಒಂಬತ್ತು ತಿಂಗಳ ಹಣ ತೋರಿಸಬೇಕು, ಅದು ಖಾತೆಯಲ್ಲಿ 28 ದಿನ ಕದಲದೆ ಇರಬೇಕು. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸಿಗೆ ವೀಸಾ 16 ತಿಂಗಳು ಇರುವುದರಿಂದ ಒಟ್ಟು 1,164 ಆಗುತ್ತದೆ. ಕೊಟೇಶನ್‌ನಲ್ಲಿ ಏಜೆಂಟರು ಇದನ್ನು ಬಿಟ್ಟಿರುತ್ತಾರೆ, ಕೇಳಿ.

ಓದು ಮುಗಿದ ಮೇಲೆ ಗ್ರಾಜುಯೇಟ್ ರೂಟ್ ಅನ್ನುವ ವೀಸಾದಲ್ಲಿ ಎರಡು ವರ್ಷ ಯಾವ ಕೆಲಸ ಬೇಕಾದರೂ ಮಾಡಬಹುದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಇರಬೇಕಾದರೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು. 2025ರ ಜುಲೈ 22ರಿಂದ ಅದಕ್ಕೆ ಡಿಗ್ರಿ ಮಟ್ಟದ ಕೆಲಸವೇ ಆಗಬೇಕು, ಸಂಬಳ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಇರಬೇಕು. ಹೊಸದಾಗಿ ಓದು ಮುಗಿಸಿದವರಿಗೆ ಸ್ವಲ್ಪ ರಿಯಾಯಿತಿ, 33,400. ಈಗ ಇನ್ನೊಂದು ಕಡೆ ನೋಡಿ: ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.21 ಪೌಂಡ್ ಇತ್ತು. ಅಂಗಡಿಯಲ್ಲೋ ಗೋದಾಮಿನಲ್ಲೋ ವರ್ಷಪೂರ್ತಿ ದುಡಿದರೆ ಸುಮಾರು 24 ಸಾವಿರ. ನಡುವಿನ ಈ ಒಂಬತ್ತು ಸಾವಿರ ಪೌಂಡಿನ ಕಂದಕವನ್ನು ದಾಟಲು ಆಗದೆ ವಾಪಸ್ ಬರುವವರೇ ಜಾಸ್ತಿ. ಮೊದಲು ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ಸ್ಪಾನ್ಸರ್ ಸಿಗುತ್ತಿತ್ತು. ಹೊರದೇಶದಿಂದ ಜನ ಕರೆಸಿಕೊಳ್ಳುವ ಆ ದಾರಿಯನ್ನೂ ಅದೇ ಜುಲೈ 22ಕ್ಕೆ ಮುಚ್ಚಿದರು.

ಬಿ.ಕಾಂ. ಜೊತೆಗೆ ಅಕೌಂಟಿಂಗ್ ಪರೀಕ್ಷೆಗಳನ್ನು ಬರೆಯುವ ಛಲ ಇದ್ದರೆ, ಇಲ್ಲಿ ಎರಡು ವರ್ಷ ಕೆಲಸ ಮಾಡಿ ಅನುಭವ ಇದ್ದರೆ, ಬ್ರಿಟನ್ ತೆಗೆದುಹಾಕುವಂಥದ್ದಲ್ಲ. ಅಂಕಪಟ್ಟಿ ಮಾತ್ರ ಇಟ್ಟುಕೊಂಡು ಯಾವುದೋ "ಎಂಎಸ್ಸಿ ಇಂಟರ್‌ನ್ಯಾಶನಲ್ ಬಿಸಿನೆಸ್"ಗೆ ಮೂವತ್ತು ಲಕ್ಷ ಸುರಿಯುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಆಸ್ಟ್ರೇಲಿಯಾ: ಕೈಗೆಲಸ ಕಲಿಯುವುದಾದರೆ

ಇಲ್ಲಿ ಪಿಯುಸಿ ಆದವರಿಗೂ ಜಾಗ ಇದೆ. ಅಡುಗೆ, ಬಡಗಿ ಕೆಲಸ, ವಾಹನ ರಿಪೇರಿ, ವೃದ್ಧರ ಆರೈಕೆ, ಇಂಥದ್ದಕ್ಕೆಲ್ಲ ವೃತ್ತಿ ಕಾಲೇಜುಗಳಲ್ಲಿ ಸರ್ಟಿಫಿಕೇಟ್ 3, ಸರ್ಟಿಫಿಕೇಟ್ 4 ಅಂತ ಕೋರ್ಸುಗಳಿವೆ. ಯೂನಿವರ್ಸಿಟಿಗಿಂತ ಫೀಸು ಎಷ್ಟೋ ಕಡಿಮೆ. ಎರಡು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು, ಕನಿಷ್ಠ ಕೂಲಿ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್. ನಾಲ್ಕು ದೇಶಗಳಲ್ಲಿ ಪಾರ್ಟ್ ಟೈಮ್ ಕೂಲಿ ಇಲ್ಲೇ ಚೆನ್ನಾಗಿದೆ.

ಒಳಗೆ ಹೋಗುವ ಖರ್ಚೂ ಅಷ್ಟೇ ಜೋರು. ವೀಸಾ ಶುಲ್ಕವೇ 2,000 ಆಸ್ಟ್ರೇಲಿಯನ್ ಡಾಲರ್. ವೀಸಾ ಸಿಗದಿದ್ದರೆ ಅದು ಹೋಯಿತು ಅಂತಲೇ ಲೆಕ್ಕ. ಖರ್ಚಿಗೆ 29,710 ಡಾಲರ್ ತೋರಿಸಬೇಕು. ನಿಜವಾಗಿ ಓದಲೆಂದೇ ಬರುತ್ತಿದ್ದೀರಾ ಅಂತ ನೋಡುವ ಪ್ರಶ್ನೆಗಳನ್ನು 2024ರ ಮಾರ್ಚ್‌ನಿಂದ ಬಿಗಿ ಮಾಡಿದ್ದಾರೆ. ಬಿ.ಕಾಂ. ಓದಿದವನು ಇದ್ದಕ್ಕಿದ್ದಂತೆ ಅಡುಗೆ ಕಲಿಯಲು ಹೋಗುತ್ತೇನೆ ಅಂದರೆ ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಆರು ತಿಂಗಳು ಇಲ್ಲಿನ ಹೋಟೆಲಿನಲ್ಲಿ ಕೆಲಸ ಮಾಡಿದ ಪತ್ರ ಇದ್ದರೆ ಆ ಉತ್ತರಕ್ಕೆ ತೂಕ ಬರುತ್ತದೆ.

ಎರಡನೇ ವೀಸಾ ಬೇಕಾದರೆ ಓದಿದ ಕಸುಬು ಅವರ ಕೌಶಲ್ಯದ ಪಟ್ಟಿಯಲ್ಲಿರಬೇಕು, ವಯಸ್ಸು ಸಾಮಾನ್ಯವಾಗಿ 35ರ ಒಳಗಿರಬೇಕು. ಇಲ್ಲೇ ಏಜೆಂಟರ ಕೈಚಳಕ. ಚನ್ನರಾಯಪಟ್ಟಣದ ಕಡೆಯ ಹುಡುಗನೊಬ್ಬ ನನಗೆ ತೋರಿಸಿದ ಕೊಟೇಶನ್‌ನಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ "ಪಿ.ಆರ್. ಪಾತ್‌ವೇ" ಅಂತಿತ್ತು. ಕೆಳಗೆ ಕೋರ್ಸು: ಡಿಪ್ಲೊಮಾ ಆಫ್ ಲೀಡರ್‌ಶಿಪ್ ಅಂಡ್ ಮ್ಯಾನೇಜ್‌ಮೆಂಟ್.

"ಇದು ಮುಗಿಸಿದರೆ ಯಾವ ಕೆಲಸ ಅಂದರು?" ಅಂತ ಕೇಳಿದೆ.

"ಮ್ಯಾನೇಜರ್ ಅಂತೆ ಅಣ್ಣಾ."

ಇಪ್ಪತ್ತೊಂದು ವರ್ಷದ ಹುಡುಗನನ್ನು ಯಾರು ಮ್ಯಾನೇಜರ್ ಮಾಡುತ್ತಾರೆ? ಆ ಕೋರ್ಸಿನ ಹಿಂದೆ ಪಟ್ಟಿಯಲ್ಲಿರುವ ಕಸುಬೇ ಇಲ್ಲ. ಫೀಸು ಕಡಿಮೆ, ಹಾಜರಿ ಸಡಿಲ, ವೀಸಾ ಎರಡು ವರ್ಷ ಉಳಿಯುತ್ತದೆ, ಅದಕ್ಕೇ ಅದನ್ನು ಮಾರುತ್ತಾರೆ. ಅದೇ ಹಾಳೆಯಲ್ಲಿ ಕಾಲೇಜಿನ ಕ್ರೈಕಾಸ್ ನೋಂದಣಿ ಸಂಖ್ಯೆಯ ಜಾಗ ಖಾಲಿ ಇತ್ತು. ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪ್ರತಿ ಕೋರ್ಸಿಗೂ ಆಸ್ಟ್ರೇಲಿಯಾದಲ್ಲಿ ಆ ಸಂಖ್ಯೆ ಇರಲೇಬೇಕು, ಸರ್ಕಾರಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಜರ್ಮನಿ: ಓದುವಾಗಲೇ ಸಂಬಳ

ಜರ್ಮನಿ ಅಂದ ತಕ್ಷಣ ನಮ್ಮಲ್ಲಿ "ಫ್ರೀ ಯೂನಿವರ್ಸಿಟಿ" ಅನ್ನುತ್ತಾರೆ. ಆ ದಾರಿ ಬರೀ ಪಿಯುಸಿ ಆದವರಿಗೆ ಅಷ್ಟು ಸಲೀಸಲ್ಲ. ಜೆಇಇ ಅಡ್ವಾನ್ಸ್‌ಡ್ ಪಾಸಾಗದಿದ್ದರೆ ಇಲ್ಲೊಂದು ವರ್ಷ ಡಿಗ್ರಿ ಓದಿರಬೇಕು, ಇಲ್ಲವೇ ಅಲ್ಲಿ ಯೂನಿವರ್ಸಿಟಿಗೆ ತಯಾರು ಮಾಡುವ ಒಂದು ವರ್ಷದ ಸ್ಟೂಡಿಯನ್‌ಕೊಲೆಗ್ ಮುಗಿಸಬೇಕು. ನಮ್ಮ ಅಂಕಪಟ್ಟಿಗಳು ಅಸಲಿ ಅನ್ನುವ ಎಪಿಎಸ್ ಪ್ರಮಾಣಪತ್ರಕ್ಕೆ 18 ಸಾವಿರ ರೂಪಾಯಿ, ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು, ಅದರಿಂದ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದು. ಬ್ಯಾಚುಲರ್ ಪಾಠ ಬಹುಪಾಲು ಜರ್ಮನ್ ಭಾಷೆಯಲ್ಲಿ.

ನಾನು ಹೇಳಹೊರಟಿದ್ದು ಅದಲ್ಲ, ಆಸ್‌ಬಿಲ್ಡುಂಗ್. ಎರಡರಿಂದ ಮೂರೂವರೆ ವರ್ಷದ ವೃತ್ತಿ ತರಬೇತಿ. ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ ಕೆಲಸ, ಉಳಿದ ದಿನ ವೃತ್ತಿ ಶಾಲೆಯಲ್ಲಿ ಪಾಠ. ಕೆಲವು ಕಡೆ ಇದನ್ನೇ ವಾರಗಟ್ಟಲೆ ಸರದಿಯಲ್ಲಿ ಮಾಡುತ್ತಾರೆ. ನರ್ಸಿಂಗ್, ಹೋಟೆಲ್, ಬೇಕರಿ, ಎಲೆಕ್ಟ್ರಿಷಿಯನ್, ಗೋದಾಮು, ರೈಲ್ವೆ, ಮುನ್ನೂರಕ್ಕೂ ಹೆಚ್ಚು ಕಸುಬುಗಳಿವೆ. ಫೀಸಿಲ್ಲ. ಬದಲಿಗೆ ಕಂಪನಿಯೇ ತಿಂಗಳ ಸಂಬಳ ಕೊಡುತ್ತದೆ.

ಎಷ್ಟು? 2025ರಲ್ಲಿ ಶುರು ಮಾಡಿದವರಿಗೆ ಕಾನೂನಿನ ಪ್ರಕಾರ ಮೊದಲ ವರ್ಷ ಕನಿಷ್ಠ 682 ಯೂರೊ. ಅದು ಕಡಿಮೆಯೇ, ಅಷ್ಟರಲ್ಲಿ ಬದುಕಲಾಗದು. ಕೊರತೆ ಬಿದ್ದ ಹಣವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸಬೇಕಾಗುತ್ತದೆ. ಸಾರ್ವಜನಿಕ ವಲಯದ ಆಸ್ಪತ್ರೆಗಳಲ್ಲಿ ನರ್ಸಿಂಗ್ ತರಬೇತಿಗೆ ಮೊದಲ ವರ್ಷವೇ ಸುಮಾರು 1,400 ಯೂರೊ ಇದೆ. ಅದರಲ್ಲಿ ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಅಂತ ಐದನೇ ಒಂದು ಭಾಗ ಹೋಗುತ್ತದೆ. ಕೈಗೆ ಸಿಗುವುದು 1,100ರ ಆಸುಪಾಸು. ಸಣ್ಣ ಊರಿನಲ್ಲಿ ಆಸ್ಪತ್ರೆಯದೇ ಹಾಸ್ಟೆಲ್ ರೂಮು ಸಿಕ್ಕಿ, ಅಡುಗೆ ತಾನೇ ಮಾಡಿಕೊಂಡರೆ ತಿಂಗಳಿಗೆ ಒಂದಿಷ್ಟು ಉಳಿಯುತ್ತದೆ. ಮ್ಯೂನಿಕ್‌ನಂಥ ಊರಲ್ಲಿ ಬಾಡಿಗೆಗೇ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಆಫರ್ ಬಂದಾಗ ಸಂಬಳಕ್ಕಿಂತ ಮೊದಲು ಊರು ನೋಡಿ.

ಎರಡನೇ ವೀಸಾದ ಅಳತೆಯಲ್ಲಿ ಇದು ಎಲ್ಲಕ್ಕಿಂತ ಮೇಲಿದೆ. ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ನೀವು ಆ ದೇಶದ್ದೇ ಅರ್ಹತೆ ಇರುವ ಕೆಲಸಗಾರ. ಅದೇ ಕಸುಬಿನಲ್ಲಿ ಕೆಲಸದ ಪರವಾನಗಿ ಸಿಗುತ್ತದೆ. ಎರಡು ವರ್ಷ ದುಡಿದ ಮೇಲೆ, ಉಳಿದ ಷರತ್ತುಗಳು ಸರಿ ಇದ್ದರೆ, ಕಾಯಂ ನೆಲೆಸುವ ಅರ್ಜಿ ಹಾಕಬಹುದು.

ಬೆಲೆ ತೆರಬೇಕಾದ್ದು ಭಾಷೆಯಲ್ಲಿ. ವೀಸಾಗೆ ಸಾಮಾನ್ಯವಾಗಿ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬೇಕು, ನರ್ಸಿಂಗ್‌ಗೆ ಹೆಚ್ಚಿನ ಕಡೆ ಅದಕ್ಕೂ ಮೇಲಿನ ಬಿ2 ಕೇಳುತ್ತಾರೆ. ಸೊನ್ನೆಯಿಂದ ಬಿ1ಗೆ, ದಿನಕ್ಕೆ ಮೂರ್ನಾಲ್ಕು ಗಂಟೆ ಕೂತರೆ, ಎಂಟ್ಹತ್ತು ತಿಂಗಳು. ಬೆಂಗಳೂರಿನ ಇಂದಿರಾನಗರದಲ್ಲಿ ಗೋಥೆ ಇನ್‌ಸ್ಟಿಟ್ಯೂಟ್ ಇದೆ, ಆನ್‌ಲೈನ್ ತರಗತಿಗಳೂ ಇವೆ. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು, ನಾಲ್ಕರಲ್ಲೂ 60 ಅಂಕ ಬರಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲೊಂದು ಅನುಕೂಲ ಇದೆ, ಯಾರೂ ಹೇಳುವುದಿಲ್ಲ. ಐಇಎಲ್‌ಟಿಎಸ್‌ನಲ್ಲಿ ಕಾನ್ವೆಂಟ್ ಮಕ್ಕಳು ಹನ್ನೆರಡು ವರ್ಷ ಮುಂದಿರುತ್ತಾರೆ. ಜರ್ಮನ್ ತರಗತಿಯ ಮೊದಲ ದಿನ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಿರುತ್ತಾರೆ.

ಕಷ್ಟಗಳನ್ನೂ ಬಿಚ್ಚಿ ಹೇಳಬೇಕಲ್ವಾ. ನರ್ಸಿಂಗ್ ತರಬೇತಿ ಅಂದರೆ ಬಿಳಿ ಕೋಟು ಹಾಕಿಕೊಂಡು ಬಿಪಿ ನೋಡುವುದಲ್ಲ. ಬೆಳಗಿನ ಆರು ಗಂಟೆಯ ಪಾಳಿ. ಎಂಬತ್ತು ದಾಟಿದ ಅಜ್ಜನನ್ನು ಹಾಸಿಗೆಯಿಂದ ಎಬ್ಬಿಸಿ, ಮೈ ತೊಳೆಸಿ, ಡೈಪರ್ ಬದಲಿಸಿ, ತಿಂಡಿ ತಿನ್ನಿಸಬೇಕು. ಆ ಅಜ್ಜ ಮಾತಾಡುವುದು ತರಗತಿಯ ಜರ್ಮನ್ ಅಲ್ಲ, ಊರಿನ ಆಡುಮಾತು. ಮಧ್ಯಾಹ್ನ ಬಂದು ಅಂಗರಚನೆಯನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡಬೇಕು. ಮೊದಲ ಆರು ತಿಂಗಳು ಪ್ರೊಬೇಶನ್, ಆಸ್ಪತ್ರೆ ಬೇಡ ಅಂದರೆ ಮುಗಿಯಿತು. ಬೇರೆ ಕಡೆ ಜಾಗ ಹುಡುಕಲು ಆರು ತಿಂಗಳವರೆಗೆ ಸಮಯ ಕೊಡುವ ಅವಕಾಶ ಕಾನೂನಿನಲ್ಲಿದೆ, ಆದರೆ ಜಾಗ ಬಿಟ್ಟದ್ದು ನಿಮ್ಮ ತಪ್ಪಿನಿಂದ ಆಗಿರಬಾರದು. ಮನೆಯಲ್ಲಿ ಅಜ್ಜಿಗೆ ಊಟ ಬಡಿಸಲು ಬೇಜಾರು ಮಾಡಿಕೊಳ್ಳುವವರು ಹೋಟೆಲ್ ಅಥವಾ ಎಲೆಕ್ಟ್ರಿಕಲ್ ಕಡೆ ನೋಡುವುದು ಮೇಲು.

ಜಾಗ ಹುಡುಕುವುದು ಹೇಗೆ? ಜರ್ಮನ್ ಸರ್ಕಾರದ್ದೇ "ಮೇಕ್ ಇಟ್ ಇನ್ ಜರ್ಮನಿ" ವೆಬ್‌ಸೈಟ್ ಇದೆ, ಅಲ್ಲಿನ ಉದ್ಯೋಗ ಇಲಾಖೆಯ ತಾಣದಲ್ಲಿ ಖಾಲಿ ಜಾಗಗಳ ಪಟ್ಟಿ ಇದೆ. ಹೆಚ್ಚಿನ ಕೋರ್ಸುಗಳು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತವೆ, ಅರ್ಜಿಗಳನ್ನು ಅದರ ಹಿಂದಿನ ವರ್ಷವೇ ಹಾಕಬೇಕು. ತರಬೇತಿ ಕೊಡುವುದಕ್ಕೆ ಅಭ್ಯರ್ಥಿಯಿಂದ ಕಂಪನಿ ದುಡ್ಡು ಪಡೆಯುವಂತಿಲ್ಲ, ಅಂಥ ಒಪ್ಪಂದಕ್ಕೆ ಜರ್ಮನ್ ಕಾನೂನಿನಲ್ಲಿ ಬೆಲೆ ಇಲ್ಲ. "ಸೀಟು ಕೊಡಿಸುತ್ತೇವೆ, ಐದು ಲಕ್ಷ" ಅನ್ನುವವರು ಕಂಡರೆ ಅಲ್ಲಿಂದ ಎದ್ದು ಬನ್ನಿ. ಭಾಷೆ ಕಲಿಸುವ ಫೀಸು ಬೇರೆ ಮಾತು, ಅದು ನ್ಯಾಯವೇ.

ಇಲ್ಲೇ ಇದ್ದು ಅರ್ಹತೆ ಸಂಪಾದಿಸಿದರೆ?

ಈ ಆಯ್ಕೆಯನ್ನು ಕನ್ಸಲ್ಟೆನ್ಸಿಯವರು ಹೇಳುವುದಿಲ್ಲ, ಅವರಿಗೆ ಇದರಲ್ಲಿ ಕಮಿಷನ್ ಇಲ್ಲ. ಪಿಯುಸಿ ಆದವರು ಇಲ್ಲೇ ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮಾಡಿದರೆ, ಆಮೇಲೆ ಹೋಗುವುದು ವಿದ್ಯಾರ್ಥಿಯಾಗಿ ಅಲ್ಲ, ಕೆಲಸಗಾರರಾಗಿ. ಭಾಷೆ ಮತ್ತು ಮಾನ್ಯತೆಯ ಪರೀಕ್ಷೆ ಆಗಲೂ ಇದೆ, ಆದರೆ ಫೀಸಿನ ಸಾಲ ಇರುವುದಿಲ್ಲ. ಜರ್ಮನಿಯ ಆಪರ್ಚುನಿಟಿ ಕಾರ್ಡ್ ಕೂಡ ಇದೆ, 2024ರ ಜೂನ್‌ನಲ್ಲಿ ಶುರುವಾದದ್ದು. ಸರ್ಕಾರದ ಮಾನ್ಯತೆ ಇರುವ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಅಥವಾ ಡಿಗ್ರಿ ಇದ್ದು, ಭಾಷೆ, ವಯಸ್ಸು, ಅನುಭವಕ್ಕೆ ಸಾಕಷ್ಟು ಪಾಯಿಂಟ್ ಬಂದರೆ ಅಲ್ಲಿಗೇ ಹೋಗಿ ಒಂದು ವರ್ಷ ಕೆಲಸ ಹುಡುಕಬಹುದು. ಜೇಬಿನಲ್ಲಿ ಒಂದು ವರ್ಷದ ಖರ್ಚು ಇರಬೇಕು ಅನ್ನುವುದು ಮರೆಯಬೇಡಿ.

ಜಪಾನ್ ಬಗ್ಗೆಯೂ ಈಗ ಜಾಸ್ತಿ ಕೇಳುತ್ತಾರೆ. ಭಾಷಾ ಶಾಲೆಗೆ ಸೇರಿ ವಾರಕ್ಕೆ 28 ಗಂಟೆ ದುಡಿಯುವ ದಾರಿ ಸಾಲದ ದಾರಿ. ಇಲ್ಲೇ ಎನ್4 ಅನ್ನುವ ಆರಂಭಿಕ ಮಟ್ಟದ ಜಪಾನಿ ಕಲಿತು, ಕೌಶಲ್ಯ ಪರೀಕ್ಷೆ ಬರೆದು ಎಸ್‌ಎಸ್‌ಡಬ್ಲ್ಯು ಅನ್ನುವ ಕೌಶಲ್ಯದ ಕೆಲಸಗಾರರ ವೀಸಾದಲ್ಲಿ ಹೋಗುವುದು ಅದಕ್ಕಿಂತ ಎಷ್ಟೋ ಮೇಲು.

ದುಡ್ಡು ಮತ್ತು ಕಾಗದ

ಎಜುಕೇಶನ್ ಲೋನ್ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಇಲ್ಲದೆ ಸಿಗುತ್ತದೆ. ಅದರ ಮೇಲೆ ಬ್ಯಾಂಕಿನವರು ಮನೆ, ಸೈಟು, ಎಫ್‌ಡಿ ಕೇಳುತ್ತಾರೆ. ನಾಲ್ಕು ಎಕರೆ ಅಡಿಕೆ ತೋಟ ಇದೆ, ಪಹಣಿ ತಂದಿದ್ದೇನೆ ಅಂದರೆ ಹೆಚ್ಚಿನ ಕಡೆ ಒಪ್ಪುವುದಿಲ್ಲ, ಕೃಷಿ ಜಮೀನು ಅವರಿಗೆ ಬೇಡ. ಆಗ ಖಾಸಗಿ ಫೈನಾನ್ಸ್ ಕಡೆ ಓಡುತ್ತಾರೆ, ಬಡ್ಡಿ ಅಲ್ಲಿ ಜಾಸ್ತಿ. ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ ಬಂದರೆ ಈ ಅವಸರ ತಪ್ಪುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ರಾಜ್ಯ ಸರ್ಕಾರದ ವಿದೇಶ ವ್ಯಾಸಂಗ ಯೋಜನೆಗಳಿವೆ. ಅವು ಹೆಚ್ಚಾಗಿ ಒಳ್ಳೆಯ ಯೂನಿವರ್ಸಿಟಿಯ ಡಿಗ್ರಿಗಳಿಗೆ, ಡಿಪ್ಲೊಮಾಗಳಿಗೆ ನೆಚ್ಚಿಕೊಳ್ಳಬೇಡಿ.

ಖಾತೆಯಲ್ಲಿ ಹಣ ಇಲ್ಲದವರಿಗೆ "ಫಂಡ್ ತೋರಿಸಿಕೊಡುತ್ತೇವೆ" ಅನ್ನುವವರಿದ್ದಾರೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷದವರೆಗೆ ಬಾಗಿಲು ಹಾಕುತ್ತದೆ. ಆ ಶಿಕ್ಷೆ ಏಜೆಂಟನಿಗಲ್ಲ, ಅರ್ಜಿಗೆ ಸಹಿ ಹಾಕಿದವರಿಗೆ. 2023ರಲ್ಲಿ ಬಹುಪಾಲು ಪಂಜಾಬಿನ ನೂರಾರು ವಿದ್ಯಾರ್ಥಿಗಳು ಕೆನಡಾದಲ್ಲಿ ಸಿಕ್ಕಿಕೊಂಡಿದ್ದು ಹೀಗೇ. ಏಜೆಂಟ್ ಕೊಟ್ಟ ಆಫರ್ ಲೆಟರ್ ನಕಲಿ, ಅದು ಗೊತ್ತಾಗಿದ್ದು ಓದಿ ಮುಗಿಸಿ ಪಿ.ಆರ್.ಗೆ ಅರ್ಜಿ ಹಾಕಿದಾಗ. ಅದಕ್ಕೇ ಆಫರ್ ಲೆಟರ್ ಬಂದ ದಿನವೇ ಕಾಲೇಜಿನ ಅಧಿಕೃತ ವೆಬ್‌ಸೈಟಿನಲ್ಲಿರುವ ಅಡ್ಮಿಷನ್ ವಿಭಾಗಕ್ಕೆ ನಿಮ್ಮ ಸ್ವಂತ ಇ-ಮೇಲ್‌ನಿಂದ ಒಂದು ಸಾಲು ಬರೆದು, ಈ ಪತ್ರ ನಿಮ್ಮದೇನಾ ಅಂತ ಕೇಳಿ. ಅರ್ಜಿಯ ಲಾಗಿನ್, ಪಾಸ್‌ವರ್ಡ್ ಏಜೆಂಟನ ಬಳಿ ಅಲ್ಲ, ನಿಮ್ಮ ಬಳಿ ಇರಲಿ. ಉತ್ತರ ಬರುವವರೆಗೆ ಫೀಸು ಕಟ್ಟಬೇಡಿ. ಕಟ್ಟುವಾಗಲೂ ಕಾಲೇಜಿನ ಖಾತೆಗೇ ನೇರವಾಗಿ ಕಟ್ಟಿ, ರಸೀದಿಯ ಒಂದು ಪ್ರತಿ ಮನೆಯಲ್ಲಿ ಇಟ್ಟು ಹೋಗಿ.